ಬ್ರಿಟನ್ನಿನ ಪಬ್‌ಗಳೇಕೆ ಮುಚ್ಚುತ್ತಿವೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ಊರೂರಿನ ಪಬ್‌ಗಳು ಮುಚ್ಚುತ್ತಿವೆಯಲ್ಲ, ಜನ ಕುಡಿಯುವುದನ್ನೇ ಬಿಟ್ಟರೇ?

ಉತ್ತರ: ಕುಡಿತ ತಗ್ಗಿದೆ, ನಿಜ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್, 20% ವ್ಯಾಟ್, ಇಂಗ್ಲೆಂಡಿನಲ್ಲಿ 2007ರ ಧೂಮಪಾನ ನಿಷೇಧವೂ ಸೇರಿಕೊಂಡವು. ಆದರೆ ಕಟ್ಟಡ ಬಾಡಿಗೆಗೆ ಪಡೆದು ಪಬ್ ನಡೆಸುವವರನ್ನು ಹಿಂಡಿದ್ದು ‘ಟೈ’ ಒಪ್ಪಂದ: ಕಟ್ಟಡದ ಒಡೆಯ ಕಂಪನಿಯಿಂದಲೇ, ಅದು ಹೇಳಿದ ದರಕ್ಕೇ ಬಿಯರ್ ಕೊಳ್ಳಬೇಕು. 2016ರ ‘ಪಬ್ಸ್ ಕೋಡ್’ ಎಂಬ ಸರ್ಕಾರಿ ನಿಯಮಾವಳಿ ಇದರಿಂದ ಬಿಡಿಸಿಕೊಳ್ಳುವ ದಾರಿ ಕೊಟ್ಟಿತು. ಆದರೆ 500 ಅಥವಾ ಹೆಚ್ಚು ಟೈ ಪಬ್‌ಗಳಿರುವ ಕಂಪನಿಗಳಿಗಷ್ಟೇ ಅದು ಅನ್ವಯ.

ಗಿರಾಕಿ ಇಳಿದರೆ ಬಿಯರೂ ಕೆಡುತ್ತದೆ. 72 ಪೈಂಟಿನ (ಒಂದು ಪೈಂಟ್ ಅಂದರೆ ಸುಮಾರು 568 ಮಿ.ಲೀ.) ‘ಫರ್ಕಿನ್’ ಪೀಪಾಯಿಗೆ ನಲ್ಲಿ ಹಾಕಿ ಸುಮಾರು ಮೂರು ದಿನದಲ್ಲಿ ಖಾಲಿಯಾಗದಿದ್ದರೆ ಗಾಳಿ ತಾಗಿ ಹುಳಿಯಾಗುತ್ತದೆ. ಹುಳಿ ಬಿಯರ್ ಸಿಕ್ಕವರು ಮತ್ತೆ ಬರುವುದಿಲ್ಲ. ವ್ಯಾಪಾರ ಕಡಿಮೆಯಿದ್ದಲ್ಲಿ 36 ಪೈಂಟಿನ ‘ಪಿನ್’ ತರಿಸುವುದೇ ಲೇಸು.