ಸೊಸೆಯ ಕಡುಬು, ಗೌರಿಯ ಹೊಟ್ಟೆ

ಪ್ರಶ್ನೆ: ನನಗೆ 38 ವರ್ಷ. ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಎತ್ತರ 5 ಅಡಿ 2 ಇಂಚು, ತೂಕ 66 ಕೆ.ಜಿ. ಇನ್ನು ಹತ್ತು ವಾರಕ್ಕೆ ತಮ್ಮನ ಮದುವೆ. ನನ್ನ ಧಾರೆ ಸೀರೆಯ ರವಿಕೆ ತೋಳಿಗೇ ಏರುತ್ತಿಲ್ಲ. ಏಳು ದಿನದ ಜಿಎಂ ಡಯೆಟ್ ಮಾಡಿದೆ. ಈಗ ಒಂದೂವರೆ ತಿಂಗಳಿಂದ ಕೀಟೋ, ಅಂದರೆ ಅನ್ನ-ರೊಟ್ಟಿ ಬಿಟ್ಟು ಕೊಬ್ಬಿನಂಶವೇ ಹೆಚ್ಚು ತಿನ್ನುವ ಪಥ್ಯ. ಕಾಫಿಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಹಾಕಿ ಕುಡಿಯುತ್ತೇನೆ. ಮೊದಲ ವಾರ 2 ಕೆ.ಜಿ. ಇಳಿಯಿತು, ಆಮೇಲೆ ಅಲ್ಲಾಡಿಲ್ಲ. ತಲೆನೋವು, ಮಲಬದ್ಧತೆ ಬೇರೆ. ರಾತ್ರಿ ಮಾತ್ರ ಹಸಿವು ತಡೆಯದೆ ಇವರು ಪೇಟೆಯಿಂದ ತರುವ ಖಾರ, ಬಿಸ್ಕತ್ತು ಸ್ವಲ್ಪ ತಿನ್ನುತ್ತೇನೆ. ಅತ್ತೆಗೆ ಡಯೆಟ್ ವಿಷಯ ಗೊತ್ತಿಲ್ಲ. ಅವರು ಬಡಿಸಿದ ಕಡುಬನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಗೌರಿಗೆ ಹಾಕುತ್ತಿದ್ದೆ. ಹೋದ ವಾರ ನೆಂಟರು ಬಂದ ದಿನ ಕಡುಬು ಜಾಸ್ತಿಯಾಗಿ, ಗೌರಿ ಹೊಟ್ಟೆ ಉಬ್ಬರಿಸಿಕೊಂಡು ಮೆಲುಕು ನಿಲ್ಲಿಸಿತು. ಡಾಕ್ಟರು ಬಂದು, “ಅನ್ನ-ಗಿನ್ನ ಹಾಕಿದ್ರಾ?” ಎಂದರು. ನಾನು ಬಾಯಿ ಬಿಡಲಿಲ್ಲ. ಈಗ ಹುಷಾರಾಗಿದೆ. ಅತ್ತೆ ಯಾರದೋ ದೃಷ್ಟಿ ಅಂತ ಚೌಡಿಗೆ ಕೋಳಿ ಹರಕೆ ಹೊತ್ತಿದ್ದಾರೆ. ನಿಜ ಹೇಳಲಾ, ಸುಮ್ಮನಿರಲಾ?

ಉತ್ತರ: ನಿಮ್ಮ ಪತ್ರ ಓದಿ ಜೋರಾಗಿ ನಕ್ಕೆ ತಂಗೀ. ಗೌರಿ ನೆನಪಾದ ಮೇಲೆ ನಗು ನಿಂತಿತು. ನಿಮ್ಮ ಕಡೆಯದಲ್ಲವೇ, ಮಲೆನಾಡು ಗಿಡ್ಡ ತಳಿಯೇ ಇರಬೇಕು; ಸೊಂಟದೆತ್ತರವೂ ಬಾರದ ಜೀವ. ಹುಲ್ಲು-ಸೊಪ್ಪು ಅರಗಿಸುವ ಹೊಟ್ಟೆಗೆ ಬೆಂದ ಅಕ್ಕಿ ರಾಶಿ ಬಿದ್ದರೆ ಅದು ಬೇಗ ಹುಳಿಯುತ್ತದೆ, ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ. ಹೆಚ್ಚಾದರೆ ದನ ಉಳಿಯುವುದಿಲ್ಲ. ಹಾಗಾಗಿ ಇದನ್ನು ಓದಿ ಮುಗಿಸುವ ಮೊದಲೇ ಆ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಕಡುಬು, ಎಷ್ಟು ದಿನ, ಎಲ್ಲ ಹೇಳಿ. ಬೈದರೆ ಬೈಸಿಕೊಳ್ಳಿ. ಅತ್ತೆಗೆ ಹೇಳುವುದು ನಾಳೆಯಾದರೂ ನಡೆದೀತು, ಇದು ನಡೆಯದು.

ಈಗ ನಿಮ್ಮ ಹೊಟ್ಟೆಯ ವಿಷಯ. ಜಿಎಂ ಡಯೆಟ್ಟನ್ನು ಅಮೆರಿಕದ ಜನರಲ್ ಮೋಟರ್ಸ್ ಕಾರು ಕಂಪನಿ 1985ರಲ್ಲಿ ತನ್ನ ನೌಕರರಿಗಾಗಿ ಮಾಡಿಸಿತು ಅಂತ ವಾಟ್ಸಾಪಿನಲ್ಲಿ ತಿರುಗುತ್ತಿರುತ್ತದೆ. ಮಾಡಿಸಿದ್ದಕ್ಕೆ ಆಧಾರವೇ ಇಲ್ಲ. ಅಲ್ಲ, ಕಾರು ಮಾಡುವವರ ಮಾತು ಕೇಳಿ ಊಟ ಮಾಡುವುದಾದರೆ, ನಮ್ಮ ಸೊಸೈಟಿಯ ಅಡಿಕೆ ಗ್ರೇಡ್ ಮಾಡುವವರು ಏನು ಪಾಪ ಮಾಡಿದ್ದರು?

ನಗಬೇಡಿ, ಆ ಏಳು ದಿನ ನಾನೂ ಅನುಭವಿಸಿದವಳೇ. ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ತರಕಾರಿ, ನಾಲ್ಕನೇ ದಿನ ಬಾಳೆಹಣ್ಣು-ಹಾಲು, ಇಡೀ ವಾರ ಎಲೆಕೋಸಿನ ಸೂಪು. ಮೂರನೇ ದಿನಕ್ಕೆ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ಚರಂಡಿ ಎಲ್ಲಾದರೂ ಕಟ್ಟಿಕೊಂಡಿದೆಯಾ?” ಎಂದರು. ಐದನೇ ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂವಿನವಳ ಹತ್ತಿರ ಎರಡು ರೂಪಾಯಿಗೆ ಜಗಳ ಆಡಿದೆ. ಮೂರು ಕೆ.ಜಿ. ಇಳಿದದ್ದು ಹೌದು. ಆದರೆ ಮುಂದಿನ ವಾರ ಸಾಗರದಲ್ಲೊಂದು ಗೃಹಪ್ರವೇಶ, ಹೋಳಿಗೆ, ಮೇಲೆ ತುಪ್ಪ. ಹತ್ತು ದಿನದಲ್ಲಿ ಮೂರೂ ಕೆ.ಜಿ. ವಾಪಸ್ ಬಂದು ಕೂತಿತ್ತು.

ಅದು ಯಾಕೆ ಅಷ್ಟು ಬೇಗ ಹೋಗಿ ಅಷ್ಟೇ ಬೇಗ ಬರುತ್ತದೆ ಗೊತ್ತೇ? ಅನ್ನ-ರೊಟ್ಟಿಯ ಸಕ್ಕರೆಯನ್ನು ಮೈ ಗ್ಲೈಕೋಜನ್ ರೂಪದಲ್ಲಿ ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಟ್ಟು ಅರ್ಧ ಕೆ.ಜಿ.ಯ ಆಸುಪಾಸು. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ನಿಲ್ಲಿಸಿದ ಕೂಡಲೇ ಅದು ಖರ್ಚಾಗಿ ನೀರು ಇಳಿದುಹೋಗುತ್ತದೆ. ನಿಮ್ಮ ಮೊದಲ ವಾರದ 2 ಕೆ.ಜಿ.ಯಲ್ಲಿ ಹೆಚ್ಚಿನದು ನೀರು, ಕೊಬ್ಬಲ್ಲ. ನೀರಿನ ಜೊತೆ ಉಪ್ಪಿನಂಶವೂ ಹೋಗುವುದರಿಂದ ತಲೆನೋವು. ನಾರಿನಂಶ ಕಡಿಮೆಯಾದ್ದರಿಂದ ಮಲಬದ್ಧತೆ.

ಕೀಟೋ ಸುಳ್ಳು ವೈದ್ಯವೇನಲ್ಲ ಬಿಡಿ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಎಂಬ ವೈದ್ಯರು ಮೂರ್ಛೆರೋಗಕ್ಕೆಂದು ರೂಪಿಸಿದ ಪಥ್ಯ ಅದು. ಔಷಧಿಗೆ ಬಗ್ಗದ ಮಕ್ಕಳಿಗೆ ಈಗಲೂ ವೈದ್ಯರು ಗ್ರಾಂ ಲೆಕ್ಕ ಹಾಕಿ ಕೊಡುತ್ತಾರೆ. ನಿಮಗಿರುವುದು ರವಿಕೆಯ ತೊಂದರೆ.

ಇನ್ನು ಆ ಎಣ್ಣೆ ಕಾಫಿ. ಎರಡು ದೊಡ್ಡ ಚಮಚ ಎಣ್ಣೆಯೆಂದರೆ ಹತ್ತಿರ ಹತ್ತಿರ 240 ಕ್ಯಾಲರಿ. ಸುಮಾರು 70 ಗ್ರಾಂ ಅಕ್ಕಿಯಲ್ಲೂ ಇರುವುದು ಅಷ್ಟೇ. ಅಂದರೆ ಕಡುಬನ್ನು ಗೌರಿಗೆ ಹಾಕಿ, ಅದರ ಲೆಕ್ಕವನ್ನು ನೀವು ಕಾಫಿಯಲ್ಲಿ ಕುಡಿದಿರಿ. ರಾತ್ರಿಯ ಖಾರ, ಬಿಸ್ಕತ್ತಿನ ಮುಂದೆ ನೀವು ಬರೆದ ‘ಸ್ವಲ್ಪ’ ಇದೆಯಲ್ಲ, ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಪೊಟ್ಟಣದಲ್ಲಿ ಕೈಯಿಟ್ಟು ತಿನ್ನುವವರ ಸ್ವಲ್ಪ ಎಷ್ಟಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಕಡುಬಿನ ಮೇಲೆ ಯಾಕೆ ಇಷ್ಟು ಸಿಟ್ಟು? ನಿಮ್ಮ ಅತ್ತೆ ಎಷ್ಟು ಕಡುಬು ತಿನ್ನುತ್ತಾರೆ, ಎಷ್ಟು ತೂಗುತ್ತಾರೆ ಅಂತ ಬರೆದಿಲ್ಲ. ನಮ್ಮ ಕಡೆಯ ಆ ವಯಸ್ಸಿನವರನ್ನು ಕಂಡಿದ್ದೇನೆ, ಊಹಿಸಬಲ್ಲೆ. ಅವರು ಗುಡ್ಡದಿಂದ ಸೊಪ್ಪು ಹೊತ್ತರು, ಬಾವಿಯಿಂದ ನೀರು ಸೇದಿದರು, ಕೊಯ್ಲಿನಲ್ಲಿ ಬೆಳಗಾಗುವವರೆಗೆ ಕೂತು ಅಡಿಕೆ ಸುಲಿದರು. ಈಗ ಸುಲಿಯಲು ಮಿಷನ್, ಪಂಪ್‌ಸೆಟ್ಟಿಗೆ ಮೊಬೈಲು, ತೋಟದ ಗೇಟಿನವರೆಗೂ ಸ್ಕೂಟಿ. ಮಿಷನ್ ಬಂದದ್ದು ಒಳ್ಳೆಯದೇ. ಹಳೇ ಕಾಲದ ಆ ದುಡಿಮೆ ಯಾರಿಗೂ ಬೇಡ. ಕೆಲಸ ಇಳಿದರೂ ಕಡುಬಿನ ಲೆಕ್ಕ ಮಾತ್ರ ಹಳೆಯದೇ ಉಳಿದುಕೊಂಡಿತು. ಆರರ ಬದಲು ಮೂರು ಸಾಕು. ಪಕ್ಕದಲ್ಲಿ ಹುರುಳಿ ಸಾರು, ಉಪ್ಪುನೀರಿನಲ್ಲಿಟ್ಟ ಕಳಲೆಯಿದ್ದರೆ ಅದರ ಪಲ್ಯ, ಒಂದೆಲಗದ ತಂಬುಳಿ, ಮೊಟ್ಟೆ, ಮೀನು, ಏನಿದ್ದರೂ ಧಾರಾಳವಾಗಿ. ತೋಟಕ್ಕೆ ನಡೆದೇ ಹೋಗಿ, ನಡೆದೇ ಬನ್ನಿ. ಬಿಸ್ಕತ್ತು ತರಬೇಡಿ ಅಂತ ಯಜಮಾನರಿಗೆ ಹೇಳಿ. ಅತ್ತೆಗೆ ಹೇಳುವುದಕ್ಕಿಂತ ಅದೇ ಕಷ್ಟವಾದೀತು.

ನಿಮ್ಮ ಎತ್ತರಕ್ಕೆ 57 ಕೆ.ಜಿ.ವರೆಗೆ ಸರಿ ಅನ್ನುತ್ತಾರೆ, ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಲೆಕ್ಕದಲ್ಲಿ ನಮ್ಮವರಿಗೆ 23ರ ಗೆರೆ ಹಿಡಿದರೆ. ಹಾಗಾಗಿ ಇಳಿಸುವ ಅಗತ್ಯವೇ ಇಲ್ಲ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಮದುವೆಗೆ 61 ಆಗುತ್ತದೆ. ಆತುರದಲ್ಲಿ ಇಳಿಸಿದವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದೂ ಉಂಟು. ಧಾರೆ ಸೀರೆ ಉಟ್ಟು ಮುಡಿಯುವುದಕ್ಕೆ ಜಡೆಯೂ ಬೇಕಲ್ಲ? ತಾಲ್ಲೂಕು ಆಸ್ಪತ್ರೆಯಲ್ಲಿ ಥೈರಾಯ್ಡ್, ಸಕ್ಕರೆ ಎರಡನ್ನೂ ಒಮ್ಮೆ ನೋಡಿಸಿ. ರವಿಕೆಯನ್ನು ಟೈಲರ್ ಹತ್ತಿರ ಒಯ್ಯಿರಿ. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರೆ ಒಂದೆರಡು ಇಂಚು ಸಿಕ್ಕೇ ಸಿಗುತ್ತದೆ.

ಅತ್ತೆಗೆ ಹೇಳಲೇಬೇಕು, ಹರಕೆ ತೀರಿಸುವ ಮೊದಲೇ. ಇಲ್ಲದಿದ್ದರೆ ನಿಮ್ಮ ಕಡುಬಿಗೆ ಒಂದು ಕೋಳಿಯ ಜೀವ ಹೋಗುತ್ತದೆ. ಚೌಡಿಗೆ ಹೊತ್ತಮೇಲೆ ಬಿಡುವ ಹಾಗಿಲ್ಲ ಎಂದರೆ ಅದು ಅವರ ತೀರ್ಮಾನ, ವಾದಕ್ಕೆ ಹೋಗಬೇಡಿ. ಊಟಕ್ಕೆ ಕೂತಾಗ, ಎಲ್ಲರ ಎದುರು ಹೇಳಬೇಡಿ. ಅವರು ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋಗಿ. ಕರೆಯುವ ಕೈಗೆ ಕೆಲಸವಿರುತ್ತದೆ, ಮುಖ ನೋಡಬೇಕಾಗಿಲ್ಲ, ಇಬ್ಬರಿಗೂ ಅನುಕೂಲ. “ಅತ್ತೆ, ಗೌರಿಗೆ ದೃಷ್ಟಿಯಲ್ಲ, ನಾನೇ ಕಡುಬು ಹಾಕಿದ್ದು” ಎಂದು ಅಲ್ಲಿಂದ ಶುರು ಮಾಡಿ. ‘ನಿಮ್ಮ ಅಡುಗೆ ತಿಂದು ದಪ್ಪಗಾದೆ’ ಅಂತ ಮಾತ್ರ ಅಪ್ಪಿತಪ್ಪಿಯೂ ಬಾಯಿಂದ ಬರಬಾರದು; ಅದು ನಿಜವೂ ಅಲ್ಲ. ಅವರಿಗೆ ಬೇಜಾರಾಗುವುದು ನೀವು ಕಡಿಮೆ ತಿಂದದ್ದಕ್ಕಲ್ಲ, ಒಂದೂವರೆ ತಿಂಗಳು ಬೆಳಿಗ್ಗೆ ಎದ್ದು ಬೇಯಿಸಿದ್ದು ಕೊಟ್ಟಿಗೆ ಸೇರಿತಲ್ಲ ಎಂದು. ಅದಕ್ಕೆ ಕ್ಷಮೆ ಕೇಳಿ. ಎರಡು ದಿನ ಮಾತಾಡದೆ ಇರಬಹುದು. ಮೂರನೇ ದಿನ ಮೂರೇ ಕಡುಬು ಬಡಿಸಿ, ‘ಸಾಕಾ?’ ಅಂತ ಕೇಳಿದರೆ, ಸಾಕು ಅನ್ನಿ.

ಗೌರಿಗೆ ಮಾತ್ರ ಕಡುಬಿನ ಹೊತ್ತಿಗೆ ಸರಿಯಾಗಿ ಒಂದು ಹಿಡಿ ಹಸಿಹುಲ್ಲು ಒಯ್ಯಿರಿ. ಸ್ವಲ್ಪ ದಿನ ನಿಮ್ಮ ಕೈಯನ್ನೇ ನೋಡುತ್ತಾ ಕೂಗುತ್ತದೆ. ಪಾಪ, ಅದಕ್ಕೂ ಈಗ ಡಯೆಟ್.