ಭಾವನವರಿಗೆ ಸಿಕ್ಕ ನೆರವು ನನಗೇಕಿಲ್ಲ?

ಪ್ರಶ್ನೆ: ನನಗೆ 64 ವರ್ಷ, ಯಜಮಾನರಿಗೆ 73. ಕಳೆದ ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಅವರ ಬಲಭಾಗ ಸ್ವಾಧೀನ ತಪ್ಪಿದೆ. ಸ್ನಾನ, ಊಟ, ಬಟ್ಟೆ ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ರಾತ್ರಿ ಪದೇ ಪದೇ ಏಳುತ್ತೇನೆ, ನನ್ನ ಬಿ.ಪಿ. ಮಾತ್ರೆ ಎಷ್ಟೋ ದಿನ ಮರೆತೇ ಹೋಗುತ್ತದೆ. ಹಿಂದೆ ನನ್ನ ವಾರಗಿತ್ತಿ ಸೊಂಟ ಮುರಿದು ಮಲಗಿದ್ದಾಗ ಭಾವನವರು ನೋಡಿಕೊಂಡರು. ಆಗ ನೆಂಟರೆಲ್ಲ ‘ಪಾಪ, ಗಂಡಸಾಗಿ ಎಷ್ಟು ಮಾಡುತ್ತಾರೆ’ ಎಂದು ಸಾರು, ಮುದ್ದೆ ಕಳಿಸಿದರು. ನನಗೆ ‘ಹೆಂಡತಿಯಲ್ಲವೇ, ಮಾಡಲೇಬೇಕು’ ಎನ್ನುತ್ತಾರೆ. ಬೆಂಗಳೂರಿನ ಮಗ ಹಣ ಕಳಿಸುತ್ತಾನೆ. ಯಜಮಾನರ ಮೇಲೆ ರೇಗಿ ಆಮೇಲೆ ಅಳುತ್ತೇನೆ. ನನ್ನ ಮನಸ್ಸೇ ಕೆಟ್ಟಿತೇ?

– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಇಲ್ಲ ತಾಯಿ, ನಿಮ್ಮ ಮನಸ್ಸು ಕೆಟ್ಟಿಲ್ಲ, ನಿದ್ದೆಗೆಟ್ಟ ದೇಹಕ್ಕೆ ಸಹನೆ ಉಳಿದಿಲ್ಲ, ಅಷ್ಟೆ. ಭಾವನವರು ಪಟ್ಟ ಶ್ರಮ ನಿಜವಾದದ್ದೇ, ಅದಕ್ಕೆ ದೊರೆತ ನೆರವೂ ನ್ಯಾಯವಾದದ್ದೇ. ಆದರೆ ಅದೇ ಶ್ರಮವನ್ನು ಹೆಣ್ಣು ಪಟ್ಟಾಗ ಅದು ಯಾರ ಕಣ್ಣಿಗೂ ಬೀಳದಿರುವುದು ಅನ್ಯಾಯ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ವ್ಯಯಿಸಿದರೆ ಗಂಡಸರು 76 ನಿಮಿಷ ವ್ಯಯಿಸುತ್ತಿದ್ದರು. ಅಡುಗೆ, ಕಸಮುಸುರೆಯ ಲೆಕ್ಕ ಇದರಲ್ಲಿ ಸೇರಿಲ್ಲ. ನಮ್ಮಲ್ಲಿ ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಚಿಕ್ಕವಳಾದ್ದರಿಂದ, ಅವನ ಕೊನೆಗಾಲದ ಆರೈಕೆ ಅವಳ ಪಾಲಿಗೆ ಬರುತ್ತದೆ; ಅವಳು ಹಾಸಿಗೆ ಹಿಡಿಯುವ ಹೊತ್ತಿಗೆ ನೋಡಿಕೊಳ್ಳಲು ಅವನೇ ಇರುವುದಿಲ್ಲ.

ಹಾಗಾಗಿ ನಿಮ್ಮ ಆರೋಗ್ಯವನ್ನು ಕೊನೆಗೆ ತಳ್ಳಬೇಡಿ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಂಗಾತಿಯ ಆರೈಕೆಯಿಂದ ಬಳಲಿದ್ದ ವೃದ್ಧರು ನಾಲ್ಕು ವರ್ಷಗಳಲ್ಲಿ ಸಾಯುವ ಸಂಭವವು, ಅಂಥ ಹೊಣೆಯಿಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಮಗನಿಗೆ ಓದಿ ಹೇಳಲೆಂದು ಬರೆಯುತ್ತಿದ್ದೇನೆ. ಹಣ ಕಳಿಸಿದ ಮಾತ್ರಕ್ಕೆ ನೀವು ಕಳೆದುಕೊಂಡ ರಾತ್ರಿಯ ನಿದ್ದೆ ಮರಳಿ ಬರುವುದಿಲ್ಲ. ‘ಬಿಡುವಾದಾಗ ಬಾ’ ಎನ್ನದೆ, ‘ತಿಂಗಳಲ್ಲಿ ಎರಡು ಶನಿವಾರ ರಾತ್ರಿ ಅಪ್ಪನ ಪಕ್ಕ ನೀನು ಮಲಗಬೇಕು’ ಎಂದು ನಿಗದಿಯಾಗಿ ಹೇಳಿ. ಭಾವನವರನ್ನೂ ಕೇಳಿ, ತಮ್ಮನಿಗೆ ವಾರಕ್ಕೆರಡು ಬಾರಿ ಸ್ನಾನ ಮಾಡಿಸಲು ಕೈಜೋಡಿಸುವುದು, ಆ ಕಷ್ಟವನ್ನು ಉಂಡವರಾದ ಅವರಿಗೆ ಹೊಸದೇನಲ್ಲ.

ಎಬ್ಬಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಸ್ವಾಧೀನವಿಲ್ಲದ ಭುಜದ ಕೀಲಿಗೂ ನಿಮ್ಮ ಸೊಂಟಕ್ಕೂ ಅದು ಪೆಟ್ಟು. ಕುರ್ಚಿಯನ್ನು ಶಕ್ತಿಯಿರುವ ಎಡಭಾಗಕ್ಕಿಟ್ಟು, ಅವರ ಪಾದಗಳು ನೆಲಕ್ಕೆ ಊರಿದ ಮೇಲೆ, ನಿಮ್ಮ ಮಂಡಿ ಬಗ್ಗಿಸಿ ಆಸರೆ ಕೊಡಿ. ಫಿಸಿಯೋಥೆರಪಿಸ್ಟರು ಇದನ್ನು ಒಮ್ಮೆ ನಿಮಗೂ ಮಗನಿಗೂ ಜೊತೆಯಾಗಿ ಮಾಡಿ ತೋರಿಸಲಿ.

ನಿಮ್ಮ ಮಾತ್ರೆ ಮರೆಯದಂತೆ ಅದನ್ನು ಯಜಮಾನರ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಇಡಿ. ಅಳು, ನಿರಾಸೆ ಎರಡು ವಾರ ಮೀರಿಯೂ ಬಿಡದಿದ್ದರೆ ವೈದ್ಯರನ್ನು ಕಾಣಿರಿ. ಮನಸ್ಸಿನ ಸಂಕಟವನ್ನು ಕನ್ನಡದಲ್ಲೇ ಹೇಳಿಕೊಳ್ಳಲು ಟೆಲಿ ಮನಸ್ 14416 ಹಗಲೂ ರಾತ್ರಿಯೂ ಉಚಿತವಾಗಿ ಲಭ್ಯ; ಹಿರಿಯರಿಗೆ ಸಿಗುವ ಸೌಲಭ್ಯಗಳ ಮಾಹಿತಿಗೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಹಗಲು ಹೊತ್ತು ಕರೆ ಮಾಡಿ.