ಕುತ್ತಿಗೆಗೆ ಕರೆಂಟು ಕೊಟ್ಟರೆ ನಡಿಗೆ ಸುಧಾರಿಸುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಪಾರ್ಕಿನ್ಸನ್ ಶುರುವಾಗಿ 7 ವರ್ಷವಾಯಿತು. ಹೊಸ್ತಿಲ ಹತ್ತಿರ, ತಿರುಗುವಾಗ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಮಿದುಳಿನಿಂದ ಕುತ್ತಿಗೆಯ ಮೂಲಕ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರಕ್ಕೆ ಕುತ್ತಿಗೆಯ ಮೇಲಿಂದ ಕರೆಂಟು ಕೊಟ್ಟರೆ ನಡಿಗೆ ಸುಧಾರಿಸುತ್ತದೆ ಎಂದು ಓದಿದೆ. ಮಂಡಿನೋವಿಗೆ ತಂದ, ಚರ್ಮದ ಮೇಲಿಂದ ಸಣ್ಣ ಕರೆಂಟು ಕೊಡುವ ಟೆನ್ಸ್ ಮಷಿನ್ ಮನೆಯಲ್ಲಿದೆ. ಅದನ್ನೇ ಬಳಸಬಹುದೇ?

ಉತ್ತರ: ದಯವಿಟ್ಟು ಬೇಡ. ಟೆನ್ಸ್ ಪ್ಯಾಡನ್ನು ಕುತ್ತಿಗೆಯ ಮುಂಭಾಗಕ್ಕೆ ಎಂದೂ ಅಂಟಿಸಬಾರದು. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಬಿಪಿಯನ್ನು ಗ್ರಹಿಸುವ ನರತುದಿಗಳಿವೆ. ಅವು ಕೆರಳಿದರೆ ನಾಡಿಬಡಿತ ನಿಧಾನವಾಗಿ, ಬಿಪಿ ಕುಸಿದು, ಎಚ್ಚರ ತಪ್ಪಬಹುದು. ಗಂಟಲಿನ ಸ್ನಾಯು ಬಿಗಿದುಕೊಂಡರೆ ಉಸಿರಾಟಕ್ಕೇ ತೊಂದರೆ. ಪಾರ್ಕಿನ್ಸನ್ ಇರುವ ಹಲವರಿಗೆ ಎದ್ದು ನಿಂತರೆ ಮೊದಲೇ ಬಿಪಿ ಇಳಿಯುತ್ತದೆ.

ನೀವು ಓದಿದ ಸಾಧನವೇ ಬೇರೆ. ಅದು 5,000 ಹರ್ಟ್ಸ್‌ನ (ಸೆಕೆಂಡಿಗೆ 5,000 ಸಲ ಏರಿಳಿಯುವ) ಕರೆಂಟಿನ ಕಿರು ಅಲೆಗುಚ್ಛವನ್ನು ಸೆಕೆಂಡಿಗೆ 25 ಬಾರಿ, ಒಂದು ಸಲಕ್ಕೆ 2 ನಿಮಿಷ ಕೊಡುತ್ತದೆ. ಅಮೆರಿಕದಲ್ಲಿ 2017ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಕ್ಲಸ್ಟರ್ ತಲೆನೋವಿಗೆ, ಅಂದರೆ ಕಣ್ಣಿನ ಸುತ್ತ ಒಂದೇ ಬದಿಗೆ ಪದೇಪದೇ ಬರುವ ತೀವ್ರ ನೋವಿಗೆ. ಪಾರ್ಕಿನ್ಸನ್ ನಡಿಗೆಗೆ ಅದನ್ನು ಬಳಸುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಕೋಲ್ಕತ್ತದ ನರರೋಗ ತಜ್ಞರು ನಡೆಸಿದ ಸಣ್ಣ ಅಧ್ಯಯನಗಳಲ್ಲಿ ನಡಿಗೆಯ ವೇಗ, ಹೆಜ್ಜೆಯ ಉದ್ದ ಸುಧಾರಿಸಿದ್ದು ನಿಜ. ಈ ನರದ ಸಂದೇಶ ಮಿದುಳಿನ ಕಾಂಡದಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳನ್ನು ತಲುಪುತ್ತದೆ. ಪಾರ್ಕಿನ್ಸನ್‌ನಲ್ಲಿ ಅವೂ ನಶಿಸುತ್ತವೆ, ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಲೆವೊಡೋಪ ಮಾತ್ರೆ ಆ ಕೊರತೆಯನ್ನು ತುಂಬುವುದಿಲ್ಲ. ಹಾಗಾಗಿ ನಮಗೂ ಇದರ ಮೇಲೆ ಭರವಸೆಯಿದೆ, ಆದರೆ ಮುಂದೆ ದೊಡ್ಡ ಅಧ್ಯಯನಗಳು ಆಗಬೇಕು. ಯಾರಾದರೂ ಅಧ್ಯಯನಕ್ಕೆ ಕರೆದರೆ ಪೇಸ್‌ಮೇಕರ್, ಮಿದುಳಿನ ಡಿಬಿಎಸ್ (ಮಿದುಳಿನೊಳಗೆ ತಂತಿ ಇಟ್ಟು ಕರೆಂಟು ಕೊಡುವ ಸಾಧನ), ಕೆರೋಟಿಡ್ ನಾಳದ ಕಿರಿದಾಗುವಿಕೆ ಇದ್ದರೆ ಮೊದಲೇ ಹೇಳಿ.

ಈಗ ಮಾಡಬೇಕಾದ ಮುಖ್ಯ ಕೆಲಸ ಮಾತ್ರೆಯ ಹೊತ್ತನ್ನು ಗಮನಿಸುವುದು. ಕಾಲು ಕಟ್ಟುವುದು, ಅಂದರೆ ಪಾದ ಹೀಗೆ ನೆಲಕ್ಕೆ ಅಂಟಿದಂತಾಗುವುದು, ಹೆಚ್ಚಾಗಿ ಮಾತ್ರೆಯ ಪ್ರಭಾವ ಇಳಿದಾಗ. ಮೂರು ದಿನ ಮಾತ್ರೆ, ಊಟ, ಕಾಲು ಕಟ್ಟಿದ ಸಮಯ ಬರೆದಿಡಿ. ಮಾತ್ರೆ ಕೆಲಸ ಮಾಡುವಾಗ ಒಂದು, ಇಳಿದಾಗ ಒಂದು ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿ. ಲೆವೊಡೋಪವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು. ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್, ದೇಹ ಆ ಮಾತ್ರೆಯನ್ನು ಹೀರಿಕೊಳ್ಳುವುದಕ್ಕೆ ಅಡ್ಡಬರುತ್ತದೆ. ಡೋಸನ್ನು ಮಾತ್ರ ನೀವಾಗಿ ಬದಲಿಸಬೇಡಿ.

ಹೊಸ್ತಿಲ ಎರಡೂ ಬದಿಗೆ ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪನ್ನು, ನಡೆಯುವ ದಾರಿಗೆ ಅಡ್ಡಲಾಗಿ, 40–50 ಸೆಂಟಿಮೀಟರ್ ಅಂತರದಲ್ಲಿ ಅಂಟಿಸಿ. ಉದ್ದುದ್ದ ಅಂಟಿಸಿದರೆ ಪ್ರಯೋಜನವಿಲ್ಲ. ಗೆರೆ ದಾಟುವ ಕಡೆಗೆ ಗಮನ ಹೋದರೆ ಕಾಲು ಎತ್ತಲು ಸುಲಭವಾಗುತ್ತದೆ. ಅಂಚು ಎದ್ದ ಟೇಪು ಮತ್ತು ಕಾಲೊರೆಸು ಬಟ್ಟೆ ಎಡವಿಸುತ್ತವೆ, ಅವನ್ನು ತೆಗೆದುಬಿಡಿ.

ಕಾಲು ಕಟ್ಟಿದಾಗ ಕೈ ಹಿಡಿದು ಎಳೆಯಬೇಡಿ. ಮೈ ಮುಂದೆ ಹೋಗಿ, ಪಾದ ಅಲ್ಲೇ ಉಳಿದು, ಮುಖ ಅಡಿಯಾಗಿ ಬೀಳುತ್ತಾರೆ. "ನಿಲ್ಲಿ ಅಪ್ಪ, ಹಿಮ್ಮಡಿ ಊರಿ" ಎಂದು ಹೇಳಿ. ಎಡಕ್ಕೆ, ಬಲಕ್ಕೆ ಭಾರ ಹಾಕಿದ ಮೇಲೆ ಎಣಿಸಿ ದೊಡ್ಡ ಹೆಜ್ಜೆ ಇಡಲಿ. ತಿರುಗುವಾಗ ನಿಂತಲ್ಲೇ ತಿರುಗದೆ, ಜಾಗವಿದ್ದಷ್ಟು ಅಗಲವಾಗಿ ಬಳಸಿಕೊಂಡು ಬರಲಿ.